ಉಸಿರಾಡುವ ಗಾಳಿ ತೀರಿಹೋದಾಗ: ಶೀತದ್ರವಗಳಿರುವ ಪ್ರಯೋಗಾಲಯದ ತುರ್ತು ಯೋಜನೆ

ಗೆಳೆಯರೇ,

2008ರ ಸೆಪ್ಟೆಂಬರ್ 19ರಂದು ಜಿನೀವಾ ಬಳಿಯ ಕಣಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್‌ನಲ್ಲಿ ನಡೆದದ್ದರಿಂದ ಶುರುಮಾಡುತ್ತೇನೆ. ಅಲ್ಲಿ ನೆಲದಡಿ ಸುಮಾರು 100 ಮೀಟರ್ ಆಳದಲ್ಲಿ 27 ಕಿಲೋಮೀಟರ್ ಉದ್ದದ ವರ್ತುಲ ಸುರಂಗವಿದೆ. ಅದರೊಳಗಿನ ಅತಿವಾಹಕ (ತೀರ ತಣ್ಣಗಿರುವಾಗ ವಿದ್ಯುತ್ತಿಗೆ ತಡೆಯನ್ನೇ ಒಡ್ಡದ) ಅಯಸ್ಕಾಂತಗಳನ್ನು ತಣ್ಣಗಿಡುವುದು ದ್ರವ ಹೀಲಿಯಂ. ಆ ದಿನ ಒಂದು ವಿಭಾಗದಲ್ಲಿ ಕರೆಂಟ್ ಏರಿಸುತ್ತಿದ್ದಾಗ, ಸುಮಾರು 8,700 ಆಂಪಿಯರ್ ತಲುಪುವ ಹೊತ್ತಿಗೆ, ಎರಡು ಅಯಸ್ಕಾಂತಗಳ ನಡುವಿನ ಒಂದು ಜಾಯಿಂಟ್ ಕೈಕೊಟ್ಟಿತು. ಅಲ್ಲೆದ್ದ ವಿದ್ಯುತ್ ಕಿಡಿ ಹೀಲಿಯಂ ಕೊಳವೆಯನ್ನು ಕೊರೆಯಿತು. ಒಟ್ಟು 6 ಟನ್ ಹೀಲಿಯಂ ಹೊರಬಂತು, ಅದರಲ್ಲಿ ಸುಮಾರು 2 ಟನ್ ಮೊದಲ ಕೆಲವೇ ನಿಮಿಷಗಳಲ್ಲಿ.

ಇಂಥದ್ದಕ್ಕೆ ಯೋಜನೆ ಇರಲಿಲ್ಲವೆಂದಲ್ಲ. ಒತ್ತಡ ಬಿಡುಗಡೆಯ ಕವಾಟಗಳಿದ್ದವು. ಆದರೆ ಅವುಗಳ ಅಳತೆ ನಿಂತಿದ್ದದ್ದು ಸೆಕೆಂಡಿಗೆ 2 ಕೆಜಿ ಸೋರಿಕೆ ಎಂಬ ಊಹೆಯ ಮೇಲೆ. ನಿಜವಾಗಿ ನುಗ್ಗಿದ್ದು ಅದರ ಹತ್ತುಪಟ್ಟು, ಸೆಕೆಂಡಿಗೆ ಸುಮಾರು 20 ಕೆಜಿ. ಅಯಸ್ಕಾಂತಗಳ ಹೊರಗವಚದಲ್ಲಿ ಒತ್ತಡ ಏರಿ, ಟನ್‌ಗಟ್ಟಲೆ ತೂಕದ ಅಯಸ್ಕಾಂತಗಳು ಆಧಾರ ಮುರಿದುಕೊಂಡು ಜರುಗಿದವು. ದುರಸ್ತಿಗೆಂದು 53 ಅಯಸ್ಕಾಂತಗಳನ್ನು ಮೇಲೆ ತರಬೇಕಾಯಿತು. ಯಾರಿಗೂ ಗಾಯವಾಗಲಿಲ್ಲ, ಏಕೆಂದರೆ ಕರೆಂಟ್ ಏರಿಸುವಾಗ ಸುರಂಗದಲ್ಲಿ ಯಾರೂ ಇರಕೂಡದೆಂಬ ನಿಯಮವಿತ್ತು. ಕವಾಟದ ಲೆಕ್ಕ ತಪ್ಪಿದಾಗಲೂ ಜೀವ ಉಳಿಸಿದ್ದು ಈ ಒಂದು ನಿಯಮ. ನಿಮ್ಮ ಯೋಜನೆಯಲ್ಲಿ ‘ಅತಿ ಕೆಟ್ಟ ಸಂದರ್ಭ’ ಎಂದು ಬರೆದಿರುವ ಅಂಕಿ ಎಲ್ಲಿಂದ ಬಂತೆಂದು ಕೇಳಿ. ಅದು ತಪ್ಪಾದರೆ ಏನು ಕಾಯುತ್ತದೆ ಎಂದೂ ಕೇಳಿ.

ಕಾಲೇಜು ಪ್ರಯೋಗಾಲಯದಲ್ಲಿ ಟನ್‌ಗಟ್ಟಲೆ ಹೀಲಿಯಂ ಇರುವುದಿಲ್ಲ, ದ್ರವ ಸಾರಜನಕದ ಡೀವಾರ್ (ಥರ್ಮಾಸ್‌ನಂಥ ಪಾತ್ರೆ) ಇರುತ್ತದೆ. ಜೀವಕ್ಕೆ ಅಪಾಯವಾಗಲು ಅದೇ ಸಾಕು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯೆಂದರೆ 60 ಘನಮೀಟರ್. 50 ಲೀಟರ್ ಡೀವಾರ್ ಪೂರ್ತಿ ಚೆಲ್ಲಿದರೆ 35 ಘನಮೀಟರ್ ಸಾರಜನಕ. ಅಷ್ಟು ಗಾಳಿ ಹೊರಹೋಯಿತೆಂದುಕೊಂಡರೆ ಆಮ್ಲಜನಕ 21ರಿಂದ ಶೇ. 9ರ ಆಸುಪಾಸಿಗೆ ಇಳಿಯುತ್ತದೆ. ಶೇ. 10ಕ್ಕಿಂತ ಕೆಳಗೆ ಮನುಷ್ಯ ಎಚ್ಚರಿಕೆಯೇ ಇಲ್ಲದೆ ಕುಸಿಯುತ್ತಾನೆ. ಉಸಿರು ಕಟ್ಟಿದಂತೆ ಅನಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಾಗ. ಇಲ್ಲಿ ಅದು ಉಸಿರಿನೊಂದಿಗೆ ಹೊರಹೋಗುತ್ತಲೇ ಇರುವುದರಿಂದ ದೇಹಕ್ಕೆ ಸುಳಿವೇ ಸಿಗುವುದಿಲ್ಲ.

ಆದ್ದರಿಂದ ಆಮ್ಲಜನಕ ಅಳೆಯುವ ಸೆನ್ಸರ್ ಬೇಕೇ ಬೇಕು. ಅಲಾರಂ ಶೇ. 19.5ಕ್ಕೆ ಕೂಗಲಿ. ಎಲ್ಲಿ ಕೂರಿಸಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ತಣ್ಣನೆಯ ಸಾರಜನಕ ನೆಲದ ಮೇಲೆ ಹರಡುತ್ತದೆ, ಹೀಲಿಯಂ ಸೂರಿಗೆ ಏರುತ್ತದೆ. ಹೀಲಿಯಂ ಸೋರಿದರೆ ಬಗ್ಗಿ ಓಡಬೇಕು, ಸಾರಜನಕವಾದರೆ ಬಗ್ಗಲೇಬಾರದು. ಅಲಾರಂನ ದೀಪ ಬಾಗಿಲ ಹೊರಗೂ ಇರಲಿ. ಒಳಗೆ ಮಾತ್ರ ಇದ್ದರೆ, ಹೊರಗಿನಿಂದ ಬಂದವನಿಗೆ ಗೊತ್ತಾಗುವುದು ಒಳಗೆ ಕಾಲಿಟ್ಟ ಮೇಲೆಯೇ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಒಳಗಿನ ಅನಿಲದ ಒತ್ತಡಕ್ಕೆ ಒಳಮುಖದ ಬಾಗಿಲು ಎಳೆದರೂ ಬರುವುದಿಲ್ಲ. ತುರ್ತು ಸ್ವಿಚ್ ಒತ್ತಿದಾಗ ಎಕ್ಸಾಸ್ಟ್ ಫ್ಯಾನ್ ಕೂಡ ನಿಂತುಹೋಗುವ ವೈರಿಂಗ್ ಇದೆಯೇ ಎಂದು ಇವತ್ತೇ ನೋಡಿ. ಸೆನ್ಸರ್‌ನ ಸೆಲ್ ಎರಡು ಮೂರು ವರ್ಷಕ್ಕೆ ಸವೆಯುತ್ತದೆ. ಬದಲಿಸುವ ತಾರೀಖನ್ನು ಅದರ ಮೇಲೆಯೇ ಬರೆದಿಡಿ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಗೆಳೆಯ ಒಳಗೆ ಬಿದ್ದಿರುವುದು ಕಂಡರೆ ನುಗ್ಗಬೇಡಿ. ಇಂಥ ಅಪಘಾತಗಳಲ್ಲಿ ಎತ್ತಲು ಹೋದ ಎರಡನೆಯವರೂ ಅಲ್ಲೇ ಬೀಳುತ್ತಾರೆ. ಫಿಲ್ಟರ್ ಮಾಸ್ಕ್ ನಿಷ್ಪ್ರಯೋಜಕ, ಅದು ಆಮ್ಲಜನಕ ಕೊಡುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ, ತರಬೇತಿ ಪಡೆದವರು ಮಾತ್ರ ಒಳಹೋಗಬೇಕು. ನೀವು ಹೊರಗಿನಿಂದಲೇ ಫ್ಯಾನ್ ಹಾಕಿ, ಬಾಗಿಲು ತೆರೆದಿಟ್ಟು ದೂರ ನಿಂತು, ಅಗ್ನಿಶಾಮಕ ದಳಕ್ಕೆ ಯಾವ ಅನಿಲ, ಎಷ್ಟು ಲೀಟರ್, ಒಳಗೆ ಎಷ್ಟು ಜನ ಎಂದು ಹೇಳಿ. ಈ ಮೂರು ವಿವರ ಬಾಗಿಲ ಹೊರಗಿನ ಬೋರ್ಡಿನಲ್ಲಿ ದಿನವೂ ತಿದ್ದಿ ಬರೆದಿದ್ದರೆ ಗಾಬರಿಯಲ್ಲೂ ಓದಿ ಹೇಳಬಹುದು.

ಲಿಫ್ಟ್ ವಿಷಯವನ್ನೂ ಯೋಜನೆಯಲ್ಲಿ ಸೇರಿಸಿ, ಅದೂ ಮುಚ್ಚಿದ ಸಣ್ಣ ಕೋಣೆಯೇ. ಡೀವಾರ್ ಒಂಟಿಯಾಗಿ ಹೋಗಲಿ, ಜೊತೆಗೆ ಯಾರೂ ಹತ್ತಬಾರದು. ನಡುವಿನ ಮಹಡಿಯವರು ಹತ್ತದಂತೆ ಬಾಗಿಲಿಗೆ ಸರಪಳಿ ಮತ್ತು ಫಲಕ ಹಾಕಿ, ಮೇಲಿನ ಮಹಡಿಯಲ್ಲಿ ಒಬ್ಬರು ಕಾದು ಇಳಿಸಿಕೊಳ್ಳಲಿ.