ಆ ಫೈಲಿನ ಗುಟ್ಟು ಯಾರದು?

ನಮಸ್ಕಾರ. ಇವತ್ತು ಒಂದು ಫೈಲಿನ ಬಗ್ಗೆ ಮಾತಾಡೋಣ. ಕೆಲಸಕ್ಕೆ ಸೇರಿದ ದಿನವೇ ನಿಮ್ಮ ಹೆಸರಲ್ಲಿ ಆಫೀಸಿನವರು ತೆರೆಯುವ ಫೈಲ್. ಅರ್ಜಿ, ರಜೆ ಚೀಟಿ, ಬ್ಯಾಂಕ್ ಖಾತೆ ನಂಬರ್, ಮ್ಯಾನೇಜರ್ ಬರೆದ ಅಪ್ರೈಸಲ್. ಕೆಲವು ಹಾಳೆ ನೀವೇ ಕೊಟ್ಟದ್ದು. ಇನ್ನು ಕೆಲವನ್ನು ನೀವು ಕಣ್ಣಲ್ಲೂ ನೋಡಿರುವುದಿಲ್ಲ.

ಸರ್ಕಾರ ಆ ಫೈಲ್ ಕೇಳಿದರೆ ಕೊಡಬೇಕಾ? ತಾರತಮ್ಯದ ದೂರು ಇದ್ದರೆ ಕೊಡಲೇಬೇಕು ಅಂತ ನಾನು ಹೇಳುತ್ತೇನೆ.

ಅಮೆರಿಕದ ಒಂದು ಕೇಸ್ ನೋಡಿ. 1985ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಸ್ಕೂಲ್ ಒಬ್ಬ ಅಸೋಸಿಯೇಟ್ ಪ್ರೊಫೆಸರ್‌ಗೆ ಟೆನ್ಯೂರ್, ಅಂದರೆ ಕಾಯಂ ಹುದ್ದೆ, ಕೊಡಲಿಲ್ಲ. ಅವರ ವಿಭಾಗದಲ್ಲಿ ಹೆಚ್ಚಿನವರು ಕೊಡಿ ಎಂದೇ ಶಿಫಾರಸು ಮಾಡಿದ್ದರು. ಚೀನಾ ಕುರಿತ ಸಂಶೋಧನೆಯಲ್ಲಿ ನಮಗೆ ಆಸಕ್ತಿಯಿಲ್ಲ ಎಂಬ ಕಾರಣ ಕೊಟ್ಟರು ಅಂತ ಆಕೆ ದೂರಿದರು. ಜನಾಂಗ, ಲಿಂಗ, ಮೂಲ ದೇಶ ನೋಡಿ ನನಗೆ ಅನ್ಯಾಯ ಮಾಡಿದ್ದಾರೆ ಎಂದರು. ಕೆಲಸದಲ್ಲಿ ತಾರತಮ್ಯದ ದೂರುಗಳನ್ನು ವಿಚಾರಿಸುವ ಸರ್ಕಾರಿ ಸಂಸ್ಥೆ, ಸಮಾನ ಉದ್ಯೋಗಾವಕಾಶ ಆಯೋಗ (ಇಇಒಸಿ), ಸಬ್‌ಪೀನಾ, ಅಂದರೆ ದಾಖಲೆ ಒಪ್ಪಿಸಿ ಎಂಬ ಆದೇಶ, ಕಳಿಸಿತು. ಆಕೆಯ ಫೈಲ್ ಬೇಕು, ಹೋಲಿಸಿ ನೋಡಲು ಐದು ಜನ ಗಂಡಸರ ಫೈಲ್ ಕೂಡ ಬೇಕು ಎಂದಿತು.

ವಿಶ್ವವಿದ್ಯಾಲಯ ಒಪ್ಪಲಿಲ್ಲ. ಸಹೋದ್ಯೋಗಿಗಳು ಗುಟ್ಟಾಗಿ ಬರೆದ ಪತ್ರಗಳಿವು, ಹೊರಗೆ ಬಂದರೆ ಮುಂದೆ ಯಾರೂ ಮನಸ್ಸು ಬಿಚ್ಚಿ ಬರೆಯುವುದಿಲ್ಲ ಎಂದು ವಾದಿಸಿತು. 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು.

ಮನಸ್ಸು ಬಿಚ್ಚಿ ಬರೆಯಬೇಕು ಎನ್ನುವುದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಆದರೆ ಯೋಚಿಸಿ. ಒಬ್ಬರ ಬದುಕು ನಿಂತಿರುವುದೇ ಆ ಪತ್ರದ ಮೇಲೆ. ಪತ್ರ ಬರೆದವರಿಗೆ ಗೊತ್ತು, ಕಮಿಟಿಗೆ ಗೊತ್ತು. ತನಿಖೆ ಮಾಡುವವರಿಗೆ ಮಾತ್ರ ಗೊತ್ತಾಗಬಾರದು ಅಂದರೆ ಹೇಗೆ? ತಾರತಮ್ಯ ಯಾರೂ ನೋಟಿಸ್ ಬೋರ್ಡಿಗೆ ಅಂಟಿಸಿ ಮಾಡುವುದಿಲ್ಲ. ಅದು ಇಂಥ ಹಾಳೆಗಳಲ್ಲೇ ಅಡಗಿರುತ್ತದೆ, ಅಲ್ವಾ?

ಇನ್ನೊಂದು ಕೇಸ್ ನನ್ನನ್ನು ಜಾಸ್ತಿ ಕಾಡುತ್ತದೆ. ಮೆಕ್‌ಲೇನ್ ಎಂಬ ಕಂಪನಿಯ ಗೋದಾಮಿನಲ್ಲಿ ಒಬ್ಬ ಹೆಂಗಸು 8 ವರ್ಷ ಭಾರದ ಕೆಲಸ ಮಾಡಿದ್ದರು. ಹೆರಿಗೆ ರಜೆ ಮುಗಿಸಿ ಬಂದಾಗ ದೈಹಿಕ ಶಕ್ತಿಯ ಪರೀಕ್ಷೆ ಕೊಡಿ ಎಂದರು. ಮೂರು ಸಲ ಕೊಟ್ಟರು, ಮೂರು ಸಲವೂ ಪಾಸಾಗಲಿಲ್ಲ. ಕೆಲಸ ಹೋಯಿತು. ಆಯೋಗ ಕೇಳಿದಾಗ ಕಂಪನಿ ಪರೀಕ್ಷೆ ಕೊಟ್ಟವರ ಅಂಕ ಕೊಟ್ಟಿತು, ಹೆಣ್ಣೋ ಗಂಡೋ ಎಂದೂ ತಿಳಿಸಿತು. ಹೆಸರು, ವಿಳಾಸ, ಫೋನ್ ನಂಬರ್ ಮಾತ್ರ ಕೊಡಲಿಲ್ಲ.

ಹೆಸರಿಲ್ಲದ ಅಂಕವನ್ನು ಇಟ್ಟುಕೊಂಡು ಏನು ಮಾಡುವುದು? ಅಂಕಕ್ಕೆ ಫೋನ್ ಮಾಡಿ 'ನಿಮಗೂ ಹೀಗೇ ಆಯಿತಾ?' ಎಂದು ಕೇಳಲು ಆಗುತ್ತದಾ? ಕೇಸ್ 2017ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಲ್ಲಿಂದ ಮೇಲ್ಮನವಿ ಕೋರ್ಟಿಗೆ ವಾಪಸ್ ಬಂತು. ಈ ಮಾಹಿತಿ ತನಿಖೆಗೆ ಸಂಬಂಧಪಟ್ಟದ್ದೇ ಎಂದು ಅದೇ ವರ್ಷ ಆ ಕೋರ್ಟ್ ಹೇಳಿತು.

ಹಾಗಂತ ಆಯೋಗ ಸುಮ್ನೆ ಬಾಗಿಲು ಒಡೆದು ಬೀರು ತೆಗೆಯುವುದಿಲ್ಲ. ಸಬ್‌ಪೀನಾಗೆ ಕಂಪನಿ ಮಣಿಯದಿದ್ದರೆ ಆಯೋಗವೇ ಕೋರ್ಟಿಗೆ ಹೋಗಬೇಕು. ಕೇಳಿದ್ದು ದೂರಿಗೆ ಸಂಬಂಧಪಟ್ಟದ್ದಾ, ಹೊರೆ ಮಿತಿಮೀರಿದೆಯಾ ಎಂದು ಜಡ್ಜ್ ನೋಡುತ್ತಾರೆ. ಈ ತಡೆ ಇರಲೇಬೇಕು. ಒಬ್ಬರ ದೂರಿನ ನೆಪದಲ್ಲಿ ಇಡೀ ಆಫೀಸಿನವರ ಬ್ಯಾಂಕ್ ಖಾತೆ ಕೇಳಿದರೆ ನಾನೂ ವಿರೋಧಿಸುತ್ತೇನೆ.

ಈಗ ಆ ಐದು ಜನ ಗಂಡಸರ ವಿಷಯಕ್ಕೆ ಬರೋಣ. ಅವರು ಯಾರ ಮೇಲೂ ದೂರು ಕೊಟ್ಟಿರಲಿಲ್ಲ. ಆದರೂ ಅವರ ಬಗ್ಗೆ ಬರೆದ ಒಳ್ಳೆಯದು, ಕೆಟ್ಟದ್ದು ಎಲ್ಲ ಇನ್ನೊಬ್ಬರ ಮೇಜಿಗೆ ಬರುತ್ತದೆ. ನನಗೆ ಸಂಕಟವಾಗುವುದು ಇಲ್ಲಿ. ಕೇಸ್ ಹೂಡುವ ಮುಂಚೆ ಆಯೋಗದ ಸಿಬ್ಬಂದಿ ಮಾಹಿತಿಯನ್ನು ಬಹಿರಂಗ ಮಾಡಿದರೆ ಅದು ಅಪರಾಧ. 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲೇ ಒಂದು ವರ್ಷದವರೆಗೆ ಜೈಲು ಅಥವಾ 1,000 ಡಾಲರ್‌ವರೆಗೆ ದಂಡ ಎಂದು ಬರೆದಿದೆ. ಒಳ್ಳೆಯದೇ. ಆದರೆ ಕೇಸ್ ಹೂಡಿದ ಮೇಲೆ ಆ ಬೀಗ ಇರುವುದಿಲ್ಲ. ಆಮೇಲೆ ಗುಟ್ಟು ಕಾಯುವುದು ಜಡ್ಜ್ ಕೊಡುವ ಆದೇಶದ ಕೈಯಲ್ಲಿ.

ಅದಕ್ಕೇ ನಾನು ಕೇಳುವುದು ಇಷ್ಟು. ತನಿಖೆ ಮಾಡುವವರಿಗೆ ಹೆಸರುಗಳು ಪೂರ್ತಿ ಸಿಗಲಿ. ಕೋರ್ಟಿನ ಕಾಗದಕ್ಕೆ ಹೋಗುವಾಗ ಆ ಐದು ಜನ 'ಪ್ರೊಫೆಸರ್ ಎ', 'ಪ್ರೊಫೆಸರ್ ಬಿ' ಆಗಿ ಹೋಗಲಿ. ಮತ್ತೆ, ನಿಮ್ಮ ಫೈಲ್ ಹೊರಗೆ ಹೋಗಿದೆ ಎಂದು ಅವರಿಗೆ ಯಾರಾದರೂ ಒಂದು ಕಾಗದ ಬರೆದು ತಿಳಿಸಲಿ.