ಸೊಲ್ಲು ಹಿಡಿಯುವವರು: ಒಬ್ಬ ತಂಬೂರಿ ಪದಗಾರನ ವರ್ಷ

ಸಭೆಯಲ್ಲಿರುವ ಹಿರಿಯರೆ, ಸಹಕಲಾವಿದರೆ, ಗೆಳೆಯರೆ,

ಜನಪದ ಹಾಡುಗಾರನ ಒಂದು ವರ್ಷದ ದುಡಿಮೆ ಹೇಗಿರುತ್ತದೆ ಎಂಬುದನ್ನು ಹೇಳಬೇಕೆಂದು ಸಂಘಟಕರು ಕೇಳಿದಾಗ, ನಾನು ಮನೆಯ ಗೋಡೆಗೆ ತೂಗುಹಾಕಿರುವ ಕ್ಯಾಲೆಂಡರನ್ನು ಇಳಿಸಿ ನೋಡಿದೆ. ನಮ್ಮ ತಂಡ ಹಾಡಿದ ದಿನಗಳಿಗೆಲ್ಲ ಅದರಲ್ಲಿ ಸುತ್ತು ಹಾಕಿಟ್ಟಿದ್ದೇನೆ. ದಸರೆಯಿಂದ ಯುಗಾದಿಯವರೆಗೆ ಸುತ್ತುಗಳು ಒತ್ತೊತ್ತಾಗಿವೆ. ಆಷಾಢದ ಪುಟ ಬರಿದಾಗಿದೆ. ಇಪ್ಪತ್ತು ವರ್ಷದಿಂದ ಕೆಂಗೇರಿಯಲ್ಲಿ ವಾಸವಾಗಿದ್ದರೂ ನನ್ನ ದುಡಿಮೆಯ ಕಾಲವನ್ನು ಈಗಲೂ ಗೊತ್ತುಮಾಡುವುದು ಸುಗ್ಗಿ, ಜಾತ್ರೆ ಮತ್ತು ಹರಕೆಗಳೇ.

ನಾನು ಮಳವಳ್ಳಿ ತಾಲ್ಲೂಕಿನವನು. ಮಂಟೇಸ್ವಾಮಿ ಪರಂಪರೆಯಲ್ಲಿ ದೀಕ್ಷೆ ಪಡೆದು ಹಾಡುವ ನೀಲಗಾರರ ಮನೆಯಲ್ಲಿ ಹುಟ್ಟಿದವನಲ್ಲ. ನೀಲಗಾರರಾದ ನನ್ನ ಗುರುಗಳ ಹಿಂದೆ ಕುಳಿತು, ಸಂತ ಮಂಟೇಸ್ವಾಮಿ ಮತ್ತು ಅವರ ಶಿಷ್ಯರ ಕತೆ ಹೇಳುವ ಮಂಟೇಸ್ವಾಮಿ ಕಾವ್ಯವನ್ನು ಕಲಿತವನು. ಮುಂದೆ ಹಾಡುವವರ ಬಲಗೈಯಲ್ಲಿ ತಂಬೂರಿ, ಎಡಗೈಯಲ್ಲಿ ಗಲಗಲ ಸದ್ದು ಮಾಡುವ ಲೋಹದ ಗಗ್ಗರ ಇರುತ್ತವೆ. ಹಿಂದೆ ಕುಳಿತವರು ದಮ್ಮಡಿ ಎಂಬ ಚಿಕ್ಕ ಚರ್ಮವಾದ್ಯ ಬಡಿಯುತ್ತ ಸೊಲ್ಲು ಹಿಡಿಯುತ್ತಾರೆ, ಎಂದರೆ ಪಲ್ಲವಿಯನ್ನು ಮರಳಿ ಹಾಡುತ್ತಾರೆ. ಕಾವ್ಯದ ಒಂದೊಂದು ಭಾಗಕ್ಕೂ ನಾವು ಸಾಲು ಎನ್ನುತ್ತೇವೆ. ಕಲ್ಯಾಣದ ಸಾಲು, ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿಯ ಸಾಲು, ಹೀಗೆ. ಒಂದು ಸಾಲನ್ನು ಬಿಡಿಸಿ ಹಾಡಿದರೆ ರಾತ್ರಿ ಕಳೆದು ಬೆಳಗಾಗುತ್ತದೆ.

ಸೊಲ್ಲು ಎಂಬುದು ಕೇಳುವ ಕಿವಿಗೆ ಬರಿಯ ಪಲ್ಲವಿಯಂತೆ ತೋರಬಹುದು, ಆದರೆ ಹಾಡುವವನಿಗೆ ಅದು ಉಸಿರು ತೆಗೆದುಕೊಳ್ಳುವ ಜಾಗ, ಅದಕ್ಕಿಂತ ಹೆಚ್ಚಾಗಿ ನೆನಪು ಕೆಲಸ ಮಾಡುವ ಜಾಗ. ಈ ಕಾವ್ಯವನ್ನು ನಾವು ಶಾಲೆಯ ಪದ್ಯದಂತೆ ಅಕ್ಷರಕ್ಕೆ ಅಕ್ಷರ ಬಾಯಿಪಾಠ ಮಾಡಿರುವುದಿಲ್ಲ. ಕತೆಯ ದಾರಿ ಗೊತ್ತಿರುತ್ತದೆ, ಊರುಗಳ ಹೆಸರು, ವರ್ಣನೆಯ ನುಡಿಗಟ್ಟುಗಳು ನಾಲಗೆಯ ಮೇಲಿರುತ್ತವೆ, ಉಳಿದದ್ದು ಆ ರಾತ್ರಿ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಹಿಮ್ಮೇಳದವರು ಸೊಲ್ಲನ್ನು ಹಿಡಿದು ತಿರುಗಿಸುವ ಆ ನಾಲ್ಕು ಗಳಿಗೆಯಲ್ಲಿ ಮುಂದಿನ ನುಡಿ ಬಂದು ನಿಲ್ಲುತ್ತದೆ. ಮಂಟೇಸ್ವಾಮಿಯ ಮಾತಿನಂತೆ ಕಬ್ಬಿಣದ ಭಿಕ್ಷೆ ತರಲು ಹೊರಟ ಸಿದ್ಧಪ್ಪಾಜಿಗೆ ಹಲಗೂರಿನ ಕಬ್ಬಿಣದ ಕೆಲಸದ ಪಾಂಚಾಳರು ಒಂದರ ಮೇಲೊಂದು ಪರೀಕ್ಷೆ ಒಡ್ಡುವ ಭಾಗವಿದೆಯಲ್ಲ, ಅದನ್ನು ನನ್ನ ಗುರುಗಳು ಎದುರಿಗೆ ಕುಳಿತವರ ಮುಖ ನೋಡಿಕೊಂಡು ಒಮ್ಮೆ ಮುಕ್ಕಾಲು ಗಂಟೆಗೆ, ಒಮ್ಮೆ ಎರಡೂವರೆ ಗಂಟೆಗೆ ಹಾಡಿದ್ದನ್ನು ನಾನು ಕಂಡಿದ್ದೇನೆ. ಎರಡೂ ಪೂರ್ತಿಯಾದ ಹಾಡುಗಳೇ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ದಸರೆಯ ವೇದಿಕೆಗಳು ಮುಗಿಯುತ್ತಿದ್ದಂತೆ ನವೆಂಬರ್ 1ರಿಂದ ತಿಂಗಳಿಡೀ ರಾಜ್ಯೋತ್ಸವದ ಕಾರ್ಯಕ್ರಮಗಳು ನಡೆಯುತ್ತವೆ. ಈ ಊರಿನ ಬಡಾವಣೆ ಬಡಾವಣೆಯಲ್ಲೂ ವೇದಿಕೆ ಏಳುತ್ತದೆ. ಒಂದೇ ಸಂಜೆ ಎರಡು ಕಡೆ ಹಾಡಿ, ಕೊನೆಯ ಬಸ್ಸು ಹಿಡಿದು ಮನೆ ಸೇರುವುದು ನಮಗೆ ರೂಢಿ. ನಮ್ಮ ನಾಲ್ವರ ತಂಡಕ್ಕೆ ವರ್ಷದ ಗಳಿಕೆಯ ಮುಖ್ಯ ಪಾಲು ಬರುವುದು ಈ ತಿಂಗಳಲ್ಲೇ, ಅದಕ್ಕೆ ನಾನು ಋಣಿ. ಆದರೆ ಅಲ್ಲಿ ನಮಗೆ ಸಿಗುವುದು ಎಂಟು ಅಥವಾ ಹತ್ತು ನಿಮಿಷ. ಅಷ್ಟರಲ್ಲಿ ಗುರುಸ್ತುತಿ ಮುಗಿಯುತ್ತದೆಯೇ ಹೊರತು ಕತೆ ಹೊಸಿಲು ದಾಟುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಬೆಂಗಳೂರಿನ ಎಷ್ಟೋ ವೇದಿಕೆ ಹತ್ತಿದ ನಾನು, ಸಿದ್ಧಪ್ಪಾಜಿಯನ್ನು ಹಲಗೂರಿನವರೆಗೆ ಒಮ್ಮೆಯೂ ಕರೆದುಕೊಂಡು ಹೋಗಿಲ್ಲ.

ಜಾತ್ರೆಯ ಮಾತೇ ಬೇರೆ. ಪುಷ್ಯ ಮಾಸದ ಹುಣ್ಣಿಮೆಗೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲೋತ್ಸವದೊಂದಿಗೆ ಸಿದ್ಧಪ್ಪಾಜಿಯ ಜಾತ್ರೆ ಶುರುವಾಗಿ 5 ದಿನ ನಡೆಯುತ್ತದೆ. ಶಿವರಾತ್ರಿಗೆ ಕಪ್ಪಡಿಯ ಜಾತ್ರೆ. ಅಲ್ಲಿ ಸಂಭಾವನೆಯ ಕರಾರಿಲ್ಲ, ಧ್ವನಿವರ್ಧಕವೂ ಇಲ್ಲದಿರಬಹುದು, ಹರಕೆ ಹೊತ್ತ ಮನೆಯವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತೇವೆ. ಇಂದಿಗೂ ಅಲ್ಲಿ ನಾನು ಗುರುಗಳ ಹಿಂದೆಯೇ ಕೂರುತ್ತೇನೆ. ನನ್ನ ವರ್ಷದಲ್ಲಿ ನಾನು ಕಲಿಯುವುದು ಆ ಕೆಲವು ರಾತ್ರಿಗಳಲ್ಲಿ ಮಾತ್ರ.

ಧ್ವನಿಮುದ್ರಣಕ್ಕೆ ಸಮಯ ಸಿಗುವುದು ಆಷಾಢದಲ್ಲಿ. ಮೊದಲ ಸಲ ಇಲ್ಲಿನ ಒಂದು ಸ್ಟುಡಿಯೋಗೆ ಹೋದಾಗ ನಡೆದದ್ದನ್ನು ಹೇಳುತ್ತೇನೆ. ಹಾಡನ್ನು ನಾಲ್ಕು ನಿಮಿಷಕ್ಕೆ ಇಳಿಸಬೇಕೆಂದರು, ಒಪ್ಪಿದೆ. ನನ್ನೊಬ್ಬನನ್ನೇ ಗಾಜಿನ ಕೋಣೆಯೊಳಗೆ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಅದರಲ್ಲಿ ಬರುವ ಟಕ್ ಟಕ್ ಸದ್ದಿಗೆ ಸರಿಯಾಗಿ ಹಾಡಿರಿ, ಹಿಮ್ಮೇಳವನ್ನು ನಾಳೆ ಬೇರೆಯಾಗಿ ಸೇರಿಸಿಕೊಳ್ಳುತ್ತೇವೆ ಎಂದರು. ಸಾವಿರ ಸಲ ಹಾಡಿದ ಹಾಡು. ಮೂರನೆಯ ನುಡಿಯ ನಂತರ ನನಗೆ ಒಂದು ಮಾತೂ ತೋಚಲಿಲ್ಲ. ವಯಸ್ಸಾಯಿತೇನೋ ಎಂದು ಹೆದರಿದೆ. ಹೊರಗೆ ಕುಳಿತಿದ್ದ ನಮ್ಮ ದಮ್ಮಡಿಯವರನ್ನು ಒಳಗೆ ಕರೆಸಿಕೊಂಡು, ಅವರು ಸೊಲ್ಲು ಹಿಡಿದ ಕೂಡಲೇ ಹಾಡು ತಾನಾಗಿಯೇ ಬಂತು. ಅಂದಿನಿಂದ ನಾಲ್ವರೂ ಒಟ್ಟಿಗೆ ಕುಳಿತು ಹಾಡುವುದಾದರೆ ಮಾತ್ರ ಮುದ್ರಣಕ್ಕೆ ಒಪ್ಪುತ್ತೇನೆ.

ಇಲ್ಲಿರುವ ಕಿರಿಯ ಕಲಾವಿದರಿಗೆ ಇನ್ನೊಂದು ಮಾತನ್ನು ಹೇಳಲೇಬೇಕು. ಹಾಡು ಪರಂಪರೆಯದು, ಅದಕ್ಕೆ ಯಾರೂ ಒಡೆಯರಲ್ಲ. ಆದರೆ ನೀವು ಹಾಡಿದ ಆ ಹಾಡಿಕೆ ನಿಮ್ಮದು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕಲಾವಿದರಿಗೆ 50 ವರ್ಷಗಳ ಹಕ್ಕು ಇದೆ. 2012ರ ತಿದ್ದುಪಡಿಯು ಹಾಡಿದವರೆಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಸಹಿ ಹಾಕುವ ಮುನ್ನ ಕಾಗದವನ್ನು ತಿಳಿದವರಿಂದ ಓದಿಸಿ. ಹಿಮ್ಮೇಳದವರ ಹೆಸರುಗಳನ್ನೂ ಬರೆಸಿ.

ಇನ್ನು ಪಾಠ. ಪ್ರತಿ ಭಾನುವಾರ ನಮ್ಮ ಮನೆಯ ಮಹಡಿಗೆ ಹನ್ನೊಂದು ಮಕ್ಕಳು ಬರುತ್ತಾರೆ. ಅವರೆಲ್ಲ ಮೊಬೈಲಿನಲ್ಲಿ ನಾಲ್ಕು ನಿಮಿಷದ ಹಾಡನ್ನು ಕೇಳಿಯೇ ಬಂದವರು, ಅದನ್ನು ಉಸಿರು ಬಿಡುವ ಜಾಗವೂ ತಪ್ಪದಂತೆ ಹಾಡಿ ತೋರಿಸಬಲ್ಲರು. ಅಲ್ಲಿಂದ ಒಂದು ನುಡಿ ಮುಂದೆ ಹೋಗು ಎಂದರೆ ನಿಂತುಬಿಡುತ್ತಾರೆ. ಕಾವ್ಯದಲ್ಲಿ ‘ಆಲು’ ಎಂದು ಬರುವುದನ್ನು, ಶಾಲೆಯಲ್ಲಿ ಕಲಿತಂತೆ, ‘ಹಾಲು’ ಎಂದು ತಿದ್ದಿ ಹಾಡುತ್ತಾರೆ. ಅದು ನಮ್ಮ ಸೀಮೆಯ ನುಡಿ, ತಪ್ಪಲ್ಲ ಎಂದು ಬಿಡಿಸಿ ಹೇಳಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು. ಮೊದಲ ವರ್ಷ ನಾನು ಯಾರ ಕೈಗೂ ತಂಬೂರಿ ಕೊಡುವುದಿಲ್ಲ, ಪುಸ್ತಕದಲ್ಲಿ ಬರೆದುಕೊಳ್ಳಲೂ ಬಿಡುವುದಿಲ್ಲ; ಸೊಲ್ಲು ಹಿಡಿಯುವುದೊಂದೇ ಪಾಠ. ವೇದಿಕೆ ಹತ್ತುವುದು ಯಾವಾಗ ಎಂದು ಪೋಷಕರು ಕೇಳುತ್ತಾರೆ, ಕೆಲವರು ಬಿಡಿಸಿಕೊಂಡೂ ಹೋಗಿದ್ದಾರೆ. ನೋವಾಗುತ್ತದೆ. ಆದರೂ ಹಿಂದೆ ಕುಳಿತು ಕೇಳದವನಿಗೆ ಮುಂದೆ ಕುಳಿತಾಗ ಕತೆ ಬೆಳೆಯುವುದಿಲ್ಲ ಎಂಬುದನ್ನು ನಾನು ನನ್ನ ಮೈಮೇಲೆಯೇ ಕಂಡವನು.

ಕಳೆದ ಜಾತ್ರೆಗೆ ಇಬ್ಬರು ಮಕ್ಕಳನ್ನು ಚಿಕ್ಕಲ್ಲೂರಿಗೆ ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಒಬ್ಬಳು ರಾತ್ರಿ ಹತ್ತರಿಂದ ಕೋಳಿ ಕೂಗುವವರೆಗೂ ನನ್ನ ಪಕ್ಕದಲ್ಲಿ ಸೊಲ್ಲು ಹಿಡಿದಿದ್ದಳು. ಗುರುಗಳು ಒಂದೆಡೆ ಕೆಮ್ಮು ಬಂದು ನಿಂತಾಗ, ಅವರಿಗೆ ಮಾತು ಬರುವವರೆಗೆ ಸೊಲ್ಲನ್ನು ಮತ್ತೆ ಮತ್ತೆ ತಿರುಗಿಸಿ ಹಾಡನ್ನು ಕೆಳಗೆ ಬೀಳದಂತೆ ಹಿಡಿದವಳು ಅವಳೇ, ನಾನು ಹೇಳಿಕೊಟ್ಟಿರಲಿಲ್ಲ. ಆ ಹುಡುಗಿ ಇಂದು ದಮ್ಮಡಿಯೊಂದಿಗೆ ಬಂದಿದ್ದಾಳೆ. ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿರುವುದರಿಂದ, ಹಲಗೂರಿನ ಭಾಗವನ್ನು ಅಲ್ಲಿಯವರೆಗೆ ಹಾಡುತ್ತೇವೆ. ಸೊಲ್ಲನ್ನು ಅವಳು ಎರಡು ಸಲ ಹೇಳಿಕೊಡುತ್ತಾಳೆ, ಮೂರನೆಯ ಸಲಕ್ಕೆ ತಾವೆಲ್ಲರೂ ಹಿಡಿಯಬೇಕೆಂದು ಕೇಳಿಕೊಳ್ಳುತ್ತೇನೆ.