ಪ್ರಯಾಣದ ಸಮಯ ತೋರುವ ಫಲಕ ಎಲ್ಲಿ ನಿಲ್ಲಬೇಕು?

ಆತ್ಮೀಯ ವಿದ್ಯಾರ್ಥಿಗಳೇ, ಹಾಸನದ ನಾಗರಿಕರೇ,

ಹೆದ್ದಾರಿಯ ಮೇಲಿನ ಎಲ್‌ಇಡಿ ಫಲಕವೊಂದು ಮುಂದಿನ ಪಟ್ಟಣಕ್ಕೆ 42 ನಿಮಿಷ ಎಂದು ತೋರಿಸಿದರೆ, ತಾನು 42 ನಿಮಿಷದಲ್ಲಿ ಅಲ್ಲಿರುತ್ತೇನೆ ಎಂದು ಚಾಲಕ ನಂಬುತ್ತಾನೆ. ಆದರೆ ಆ ಅಂಕಿಯು ಬಹುಮಟ್ಟಿಗೆ ಅವನಿಗಿಂತ ಮುಂಚೆ ಆ ದಾರಿಯನ್ನು ಕ್ರಮಿಸಿದವರ ಲೆಕ್ಕ. ದಟ್ಟಣೆ ಬೆಳೆಯುತ್ತಿರುವ ಹೊತ್ತಿನಲ್ಲಿ ಅದು ನಿಜಕ್ಕಿಂತ ಕಡಿಮೆ ಹೇಳುತ್ತದೆ, ಕರಗುತ್ತಿರುವ ಹೊತ್ತಿನಲ್ಲಿ ಹೆಚ್ಚು ಹೇಳುತ್ತದೆ.

ಸಮಯವನ್ನು ಅಳೆಯಲು ಹಲವು ದಾರಿಗಳಿವೆ. ರಸ್ತೆಯೊಳಗೆ ಹೂತ ತಂತಿಸುರುಳಿಯಿಂದ ವೇಗವನ್ನು ತಿಳಿದು ದೂರವನ್ನು ಅದರಿಂದ ಭಾಗಿಸಬಹುದು. ಎರಡು ಕಡೆ ಒಂದೇ ನಂಬರ್ ಪ್ಲೇಟನ್ನೋ, ಬ್ಲೂಟೂತ್ ಗುರುತನ್ನೋ, ಟೋಲ್ ಟ್ಯಾಗನ್ನೋ ಓದಿ ನಡುವಿನ ಅವಧಿಯನ್ನು ಲೆಕ್ಕ ಹಾಕಬಹುದು. ಇಲ್ಲವೇ ಪ್ರಯಾಣಿಕರ ಮೊಬೈಲ್‌ಗಳ ಜಿಪಿಎಸ್ ಚಲನೆಯನ್ನು ಒಟ್ಟುಗೂಡಿಸಬಹುದು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ನಮ್ಮಲ್ಲೂ ಟ್ಯಾಗಿನ ವಿಧಾನ ಸುಲಭವೆಂದು ತೋರುತ್ತದೆ. ಅದರ ತೊಡಕು ಎಲ್ಲಿದೆಯೆಂಬುದನ್ನು ನಮ್ಮ ದಾರಿಯಲ್ಲೇ ನೋಡೋಣ.

ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹಾಸನಕ್ಕೆ ಮೊದಲು ಬೆಂಗಳೂರಿನ ಕಡೆಗೆ ಶಾಂತಿಗ್ರಾಮದ ಟೋಲ್ ಇದೆ, ಘಟ್ಟ ಇಳಿದ ಮೇಲೆ ಬಿ.ಸಿ. ರೋಡಿನ ಬಳಿ ಬ್ರಹ್ಮರಕೂಟ್ಲು ಟೋಲ್ ಇದೆ. ಇವೆರಡರ ನಡುವೆ ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವುದರಿಂದ, ಒಂದು ವಾಹನ ಎರಡನೆಯ ಟೋಲನ್ನು ಮುಟ್ಟಿ ಅದರ ಅವಧಿ ಫಲಕಕ್ಕೆ ಬರುವಷ್ಟರಲ್ಲಿ ಆ ಮಾಹಿತಿಗೆ ಗಂಟೆಗಳ ವಯಸ್ಸಾಗಿರುತ್ತದೆ. ಇನ್ನೂ ಗಂಭೀರವಾದದ್ದೊಂದಿದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಸಿಕ್ಕಿಕೊಂಡ ವಾಹನಗಳು ಎರಡನೆಯ ಟೋಲಿಗೆ ತಲುಪುವುದೇ ಇಲ್ಲ. ತಲುಪಿದವುಗಳನ್ನಷ್ಟೇ ಎಣಿಸುವ ವ್ಯವಸ್ಥೆಯು ಜರಿಯುವ ಮುಂಚೆ ದಾಟಿದ ಅದೃಷ್ಟವಂತರ ಸಮಯವನ್ನೇ ನೆಚ್ಚಿಕೊಂಡು ದಾರಿ ಚೆನ್ನಾಗಿದೆ ಎನ್ನುತ್ತದೆ. ಆದ್ದರಿಂದ ಬಾರದ ವಾಹನಗಳನ್ನೂ ಲೆಕ್ಕಕ್ಕೆ ತರಬೇಕು, ಅಳತೆಯ ತುಂಡುಗಳು ಚಿಕ್ಕದಾಗಿರಬೇಕು: ಸಕಲೇಶಪುರದಿಂದ ಮಾರನಹಳ್ಳಿ, ಮಾರನಹಳ್ಳಿಯಿಂದ ಗುಂಡ್ಯ ಎಂಬಂತೆ. ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಕೈಕೊಡುವ ಕಡೆಗಳಲ್ಲಿ ಜಿಪಿಎಸ್ ಮಾಹಿತಿಯನ್ನೊಂದೇ ನಂಬುವಂತಿಲ್ಲ.

ಅಳತೆ ಸರಿಯಿದ್ದರೂ ಫಲಕವು ತಪ್ಪು ಜಾಗದಲ್ಲಿದ್ದರೆ ಪ್ರಯೋಜನವಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಮಾರನಹಳ್ಳಿಯಲ್ಲಿ ಘಟ್ಟ ಮುಚ್ಚಿದೆ ಎಂದು ಓದಿದವನು ಹಿಂತಿರುಗುವುದನ್ನು ಬಿಟ್ಟು ಏನೂ ಮಾಡಲಾರ. ಹಾಸನಕ್ಕೆ ಮೊದಲೇ ತಿಳಿದರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಬಿ.ಸಿ. ರೋಡ್ ಸೇರಬಹುದು, ಸಕಲೇಶಪುರದ ಬಳಿ ತಿಳಿದರೂ ಹಾನುಬಾಳಿನ ದಾರಿಯಲ್ಲಿ ಮೂಡಿಗೆರೆಗೆ ಹೊರಳಬಹುದು. ಹೀಗಾಗಿ ಫಲಕವು ಆಯ್ಕೆಯ ಕವಲಿಗೆ ಮೊದಲು ನಿಂತು, ಎರಡೂ ಘಟ್ಟಗಳ ಸಮಯವನ್ನು ಒಟ್ಟಿಗೆ ತೋರಿಸಬೇಕು. ಒಂದೇ ದಾರಿಯ ನಿಮಿಷಗಳನ್ನು ಹೇಳುವ ಫಲಕ ಕುತೂಹಲವನ್ನಷ್ಟೇ ತಣಿಸೀತು. ಚಾರ್ಮಾಡಿಯ ಕಡಿದಾದ ತಿರುವುಗಳು ಭಾರಿ ಲಾರಿಗಳಿಗೆ ಹೇಳಿದ್ದಲ್ಲ. ಕಾರಿಗೆ ಕೊಡುವ ಸಲಹೆಯನ್ನೇ ಲಾರಿಗೂ ಕೊಟ್ಟರೆ ಎರಡನೆಯ ಘಟ್ಟವನ್ನೂ ನಾವೇ ಮುಚ್ಚಿದಂತಾಗುತ್ತದೆ. ಕಾರುಗಳೆಲ್ಲ ಒಮ್ಮೆಗೇ ಹೊರಳಿದರೂ ಆ ಕಿರಿದಾದ ರಸ್ತೆ ತಡೆದುಕೊಳ್ಳದು ಎನ್ನುವುದನ್ನು ನಿಯಂತ್ರಣ ಕೊಠಡಿಯಲ್ಲಿ ಕುಳಿತವರು ಮರೆಯಬಾರದು.

ಫಲಕದ ಮೇಲಿನ ಬರಹ ಚಿಕ್ಕದಾಗಿರಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಐದು ಸೆಕೆಂಡು ಓದುವಷ್ಟರಲ್ಲಿ 110 ಮೀಟರ್ ಕಳೆದಿರುತ್ತದೆ. ಊರಿನ ಹೆಸರು, ನಿಮಿಷ, ಅಗತ್ಯವಿದ್ದರೆ ‘ಮುಚ್ಚಿದೆ’ ಎಂಬ ಒಂದು ಪದ ಸಾಕು. ಫಲಕ ಖಾಲಿಯಿದ್ದಾಗ ಘೋಷವಾಕ್ಯ ತುಂಬುವ ಚಟ ಅಧಿಕಾರಿಗಳಿಗೆ ಎಲ್ಲೆಡೆಯೂ ಇದೆ. ಅಮೆರಿಕದ ಟೆಕ್ಸಾಸ್ ರಾಜ್ಯವು ಇಂಥ ಫಲಕಗಳಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರ ಸಂಖ್ಯೆಯನ್ನು ತೋರಿಸುತ್ತಿತ್ತು; ಹಾಗೆ ತೋರಿಸಿದಾಗ ಫಲಕದ ಮುಂದಿನ 10 ಕಿಲೋಮೀಟರಿನಲ್ಲಿ ಅಪಘಾತಗಳು ಸುಮಾರು ಶೇ. 4.5ರಷ್ಟು ಹೆಚ್ಚಿದವು ಎಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಗಮನ ಸೆಳೆಯುವ ಮಾತು ಗಮನವನ್ನು ಕದಿಯಲೂಬಹುದು.

ಮಂಗಳೂರಿನಿಂದ ಹಾಸನದ ಕಡೆಗೆ ಹತ್ತುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅವರಿಗೆ ಮೊದಲ ಫಲಕ ಬೇಕಾದದ್ದು ಶಿರಾಡಿ ಮತ್ತು ಚಾರ್ಮಾಡಿಯ ಹೆದ್ದಾರಿಗಳು ಬೇರೆಯಾಗುವ ಬಿ.ಸಿ. ರೋಡಿಗೆ ಮೊದಲು, ಗುಂಡ್ಯದಲ್ಲಿ ಅಲ್ಲ.